ಬಜೆಟ್ ಘೋಷಣೆ ನಂಬಿ ಗೋದಾಮು ತುಂಬಿಸಬಹುದಾ?

ಪ್ರಶ್ನೆ: ನಾನು ಸಿಮೆಂಟ್, ಕಂಬಿ, ಜಲ್ಲಿ ಸರಬರಾಜು ಮಾಡುತ್ತೇನೆ. ಇಲ್ಲಿಯವರೆಗೆ ನನ್ನ ಗಿರಾಕಿಗಳು ಮನೆ ಕಟ್ಟಿಸುವವರು ಮತ್ತು ಸಣ್ಣ ಗುತ್ತಿಗೆದಾರರು. ಈ ಸಲ ಸರ್ಕಾರ ರಸ್ತೆ, ಸೇತುವೆ, ಆಸ್ಪತ್ರೆ ಕಟ್ಟಡಗಳಿಗೆ ಭಾರಿ ಮೊತ್ತ ಘೋಷಿಸಿದೆ. ಸಾಲ ಮಾಡಿ ಗೋದಾಮು ದೊಡ್ಡದು ಮಾಡಿಸಿ, ಎರಡು ಲಾರಿ ತಗೊಂಡು, ಈಗಲೇ ಮಾಲು ತುಂಬಿಸಿಕೊಳ್ಳಲಾ? ಸರ್ಕಾರದ ಖರ್ಚು ಜಾಸ್ತಿಯಾದರೆ ನಮ್ಮಂಥವರಿಗೆ ಲಾಭ ಆಗಲೇಬೇಕಲ್ವಾ?

ಉತ್ತರ: ಆಗಲೇಬೇಕು ಅಂತೇನೂ ಇಲ್ಲ. ಬೇಡಿಕೆ ಬರುತ್ತದೆ, ನಿಜ. ಆದರೆ ಅದು ನೀವು ಅಂದುಕೊಂಡ ಹೊತ್ತಿಗೆ ಬರುವುದಿಲ್ಲ. ನೀವು ಮಾರುವ ಮಾಲಿಗೇ ಬರುತ್ತದೆ ಅನ್ನುವ ಖಾತ್ರಿಯೂ ಇಲ್ಲ. ಮಾಲು ಹೋದ ಮೇಲೆ ದುಡ್ಡು ಕೈಗೆ ಸೇರುವುದಂತೂ ಬೇರೆಯೇ ಕಥೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ಈ ವ್ಯಾಪಾರದಲ್ಲಿ ಬೇಕಾದಷ್ಟು ನೋಡಿದ್ದೇನೆ. ನಾನೂ ಒಮ್ಮೆ ಹೊಲಿಸಿದವನೇ. ಆ ಕಥೆ ಮುಂದೆ ಬರುತ್ತದೆ.

ಮೊದಲು ಆ ದೊಡ್ಡ ಮೊತ್ತವನ್ನು ಬಿಡಿಸಿ ನೋಡಿ. ಘೋಷಣೆಯಾದ ಹಣ ಎಷ್ಟು ವರ್ಷಕ್ಕೆ ಹಂಚಿಕೆಯಾಗಿದೆ? ಅದರಲ್ಲಿ ಹೊಸ ಹಣ ಎಷ್ಟು, ಹೇಗೂ ಕೊಡಬೇಕಿದ್ದ ಹಳೆಯ ಅನುದಾನ ಎಷ್ಟು? ಜಾಗ ಕೊಳ್ಳಲು, ನಕ್ಷೆ ಮಾಡಿಸಲು, ಹಳೆಯ ಬಾಕಿ ಬಿಲ್ ತೀರಿಸಲು ಹೋಗುವುದು ಎಷ್ಟು? ಇವೆಲ್ಲ ಕಳೆದ ಮೇಲೆ ಉಳಿಯುವುದೇ ಸಿಮೆಂಟು, ಕಂಬಿ, ಕೂಲಿಗೆ. ಅಮೆರಿಕದ ಉದಾಹರಣೆ ತಗೊಳ್ಳಿ. 2021ರ ನವೆಂಬರ್ 15ರಂದು ಅಧ್ಯಕ್ಷ ಬೈಡನ್ ಸಹಿ ಹಾಕಿದ ಮೂಲಸೌಕರ್ಯ ಕಾಯ್ದೆಯ ಮೊತ್ತ 1.2 ಲಕ್ಷ ಕೋಟಿ ಡಾಲರ್ ಅಂತ ಎಲ್ಲ ಕಡೆ ಸುದ್ದಿಯಾಯಿತು. ಅದರಲ್ಲಿ ಹೊಸದಾಗಿ ಸೇರಿದ್ದು ಸುಮಾರು 55,000 ಕೋಟಿ ಡಾಲರ್. ಅದೂ ಐದು ವರ್ಷಕ್ಕೆ. ಅದರೊಳಗೆ ಇಂಟರ್ನೆಟ್ ಕೇಬಲ್, ವಿದ್ಯುತ್ ಜಾಲ, ಕುಡಿಯುವ ನೀರು, ರೈಲು ಎಲ್ಲ ಇದ್ದವು. ಕೇಬಲ್ ಎಳೆಯುವ ಕೆಲಸಕ್ಕೆ ನಿಮ್ಮ ಜಲ್ಲಿ ಎಷ್ಟು ಬೇಕಾಗುತ್ತದೆ ಹೇಳಿ.

ಅಷ್ಟಕ್ಕೇ ಮುಗಿಯಲಿಲ್ಲ. ಅದೇ ಹೊತ್ತಿಗೆ ಸಾಮಗ್ರಿ, ಡೀಸೆಲ್, ಕೂಲಿ ಎಲ್ಲದರ ದರವೂ ಏರಿತ್ತು. ಅಲ್ಲಿನ ಹೆದ್ದಾರಿ ನಿರ್ಮಾಣ ವೆಚ್ಚದ ಸೂಚ್ಯಂಕ 2020ರ ಕೊನೆಯಿಂದ ಎರಡು ವರ್ಷದಲ್ಲಿ ಸುಮಾರು ಅರ್ಧದಷ್ಟು ಮೇಲಕ್ಕೆ ಹೋಯಿತು. ಅಂದರೆ ಹೆಚ್ಚಿಗೆ ಬಂದ ಹಣದ ದೊಡ್ಡ ಪಾಲನ್ನು ದರವೇ ನುಂಗಿತು. ಖರ್ಚಿನ ಅಂಕಿ ನೋಡಿದರೆ ಕೆಲಸ ಜೋರಾಗಿ ನಡೆಯುತ್ತಿದೆ ಅನಿಸುತ್ತದೆ. ತೂಕದ ಲೆಕ್ಕದಲ್ಲಿ ಹೋದ ಮಾಲು ಮಾತ್ರ ಅಷ್ಟು ಹೆಚ್ಚಿರುವುದಿಲ್ಲ. ನಿಮ್ಮ ಲಾರಿ ಓಡುವುದು ಟನ್ನಿನ ಮೇಲೆ, ಬಜೆಟ್ಟಿನ ಕೋಟಿಯ ಮೇಲಲ್ಲ. ಹಾಗಾಗಿ ಸರ್ಕಾರ ಎಷ್ಟು ಕೋಟಿ ಕೊಟ್ಟಿತು ಅನ್ನುವುದಕ್ಕಿಂತ ಎಷ್ಟು ಕಿಲೋಮೀಟರ್, ಎಷ್ಟು ಕೊಠಡಿ, ಎಷ್ಟು ಕಂಬ ಅಂತ ಕೇಳುವುದು ಒಳ್ಳೆಯದು.

ಇನ್ನು ಸಮಯ. ಘೋಷಣೆಯಾದ ದಿನದಿಂದ ಮೊದಲ ಲೋಡ್ ಇಳಿಯುವ ದಿನದವರೆಗೆ ಏನೇನು ಆಗಬೇಕು ಅಂತ ಒಮ್ಮೆ ಯೋಚಿಸಿ. ಅಂದಾಜು ಪಟ್ಟಿ ತಯಾರಾಗಬೇಕು, ಜಾಗ ಸಿಗಬೇಕು, ಅನುಮತಿಗಳು ಬರಬೇಕು, ಟೆಂಡರ್ ಕರೆಯಬೇಕು. ಟೆಂಡರ್ ಸಿಗದವರು ತಕರಾರು ಎತ್ತಿದರೆ ಅದೊಂದು ಸುತ್ತು. ಕಾರ್ಯಾದೇಶ ಕೈಗೆ ಬಂದ ಮೇಲೂ ಗುತ್ತಿಗೆದಾರರು ಯಂತ್ರ ತಂದು, ಆಳುಗಳನ್ನು ಕೂಡಿಸಿ, ನೆಲ ಅಗೆದು, ಆಮೇಲೆ ನಿಮಗೆ ಫೋನ್ ಮಾಡುತ್ತಾರೆ. ಹೊಸ ಸೇತುವೆಯಾದರೆ ಇದಕ್ಕೆ ಎರಡು ವರ್ಷ ಹಿಡಿದರೂ ಆಶ್ಚರ್ಯವಿಲ್ಲ.

2009ರ ಫೆಬ್ರುವರಿಯಲ್ಲಿ ಅಮೆರಿಕ ಆರ್ಥಿಕ ಹಿಂಜರಿತಕ್ಕೆ ಮದ್ದು ಅಂತ 78,700 ಕೋಟಿ ಡಾಲರಿನ ಯೋಜನೆ ತಂದಿತು. ಸಲಿಕೆ ಹಿಡಿದು ಶುರು ಮಾಡುವುದೊಂದೇ ಬಾಕಿ, ಅಂಥ ಕೆಲಸಗಳಿಗೇ ಹಣ ಕೊಡುತ್ತೇವೆ ಅನ್ನುವುದು ಆಗಿನ ಮಾತು. ಮರುವರ್ಷ ಅಧ್ಯಕ್ಷ ಒಬಾಮಾ ಅವರೇ ಸಾರ್ವಜನಿಕ ಕಾಮಗಾರಿಗಳಲ್ಲಿ ಅಂಥ ತಯಾರಾದ ಕೆಲಸ ಅನ್ನುವುದು ಇರುವುದೇ ಇಲ್ಲ ಅಂತ ಒಪ್ಪಿಕೊಂಡರು. ಆದರೂ ರಸ್ತೆಗೆ ಮೀಸಲಾದ ಹಣದಲ್ಲಿ ಒಂದು ಬಗೆಯ ಕೆಲಸ ಬೇಗ ಓಡಿತು. ಹಳೆಯ ರಸ್ತೆಗೆ ಹೊಸ ಡಾಂಬರು ಹಾಕುವ ಕೆಲಸ ಅದು. ಯಾಕೆ ಅಂದರೆ ಅದಕ್ಕೆ ಜಾಗ ಬೇಡ, ಹೊಸ ನಕ್ಷೆ ಬೇಡ, ದೊಡ್ಡ ಅನುಮತಿ ಬೇಡ. ಲಾಭ ಆಗಿದ್ದು ಜಲ್ಲಿ ಮತ್ತು ಡಾಂಬರಿನವರಿಗೆ. ಕಂಬಿಯ ದಾಸ್ತಾನು ಮಾಡಿ ಕೂತವರಿಗೆ ಅದರಿಂದ ಏನು ಬಂತು?

ನಿಮ್ಮ ಪ್ರಶ್ನೆಯಲ್ಲಿ ಬಿಟ್ಟುಹೋಗಿರುವ ಮುಖ್ಯ ವಿಷಯ ಇದೇ. ಸರ್ಕಾರದ ಕಟ್ಟಡ ಖರ್ಚು ಅಂತ ಒಂದೇ ಹೆಸರಿದ್ದರೂ, ಅದು ಒಂದೊಂದು ಮಾಲಿಗೆ ಒಂದೊಂದು ಥರ ತಲುಪುತ್ತದೆ. ಡಾಂಬರು ಮಿಶ್ರಣದ ತೂಕದಲ್ಲಿ ಸುಮಾರು ಶೇ. 95ರಷ್ಟು ಜಲ್ಲಿ ಮತ್ತು ಪುಡಿ, ಉಳಿದ ಶೇ. 5ರಷ್ಟು ಮಾತ್ರ ಡಾಂಬರು. ಒಂದು ಘನ ಮೀಟರ್ ಕಾಂಕ್ರೀಟ್ ಸುಮಾರು 2.4 ಟನ್ ತೂಗುತ್ತದೆ. ಅದರಲ್ಲಿ ಸಿಮೆಂಟ್ 300ರಿಂದ 400 ಕಿಲೋ, ಬಹುಪಾಲು ಮರಳು, ಜಲ್ಲಿ. ಅಂದರೆ ಸರ್ಕಾರ ಏನೇ ಕಟ್ಟಲಿ, ಜಲ್ಲಿ ಹೋಗೇ ಹೋಗುತ್ತದೆ. ಆದರೆ ಜಲ್ಲಿ ತೂಕ ಜಾಸ್ತಿ, ದರ ಕಮ್ಮಿ. ದೂರ ಹೋದಷ್ಟೂ ಮಾಲಿಗಿಂತ ಸಾಗಾಟದ ಖರ್ಚೇ ದೊಡ್ಡದಾಗುತ್ತದೆ. ಹಾಗಾಗಿ ಕೆಲಸದ ಜಾಗಕ್ಕೆ ಹತ್ತಿರ ಇರುವ ಕ್ವಾರಿಯವರೇ ಗೆಲ್ಲುತ್ತಾರೆ. ರೆಡಿಮಿಕ್ಸ್ ಕಾಂಕ್ರೀಟ್ ಅಂತೂ ಇನ್ನೂ ಬಿಗಿ. ಕಲಸಿದ ಮೇಲೆ ಒಂದೂವರೆಯಿಂದ ಎರಡು ಗಂಟೆಯೊಳಗೆ ಸುರಿದು ಮುಗಿಸಬೇಕು. ಕಂಬಿ ಇದಕ್ಕೆ ಪೂರ್ತಿ ಉಲ್ಟಾ. ಅದು ಸಮುದ್ರ ದಾಟಿಯೂ ಬರುತ್ತದೆ. ಅದರ ದರ ನಿಮ್ಮ ಸರ್ಕಾರದ ಬಜೆಟ್‌ಗಿಂತ ಅದಿರು, ಕಲ್ಲಿದ್ದಲು, ಗುಜರಿ ದರವನ್ನೂ, ಚೀನಾ ಎಷ್ಟು ಉಕ್ಕು ಹೊರಗೆ ಕಳಿಸುತ್ತದೆ ಅನ್ನುವುದನ್ನೂ ಹೆಚ್ಚು ಕೇಳುತ್ತದೆ. ಟೈಲ್ಸ್, ಬಣ್ಣ, ಗಾಜಿನವರ ಸರದಿ ಬರುವುದು ಕಟ್ಟಡ ಮೇಲೆದ್ದ ಮೇಲೆ. ರಸ್ತೆ ಬಜೆಟ್‌ನಲ್ಲಿ ಅವರಿಗೆ ಪಾಲೇ ಇಲ್ಲ.

ಇದಕ್ಕಿಂತಲೂ ಹೆಚ್ಚಾಗಿ ಗಮನಿಸಬೇಕಾದದ್ದು ಕಾಮಗಾರಿಯ ಗಾತ್ರ. ದೊಡ್ಡ ಹೆದ್ದಾರಿ, ಅಣೆಕಟ್ಟು, ಮೆಟ್ರೊ ಹಿಡಿದ ಕಂಪನಿ ನಿಮ್ಮ ಹತ್ತಿರ ಯಾಕೆ ಬರಬೇಕು? ಅವರು ಸಿಮೆಂಟ್ ಕಾರ್ಖಾನೆಯ ಜೊತೆ ನೇರ ದರ ಮಾತಾಡುತ್ತಾರೆ, ಟ್ಯಾಂಕರ್‌ನಲ್ಲಿ ಬಿಡಿ ಸಿಮೆಂಟ್ ತರಿಸುತ್ತಾರೆ, ಸೈಟಿನಲ್ಲೇ ಕಾಂಕ್ರೀಟ್ ಪ್ಲಾಂಟ್ ಹಾಕುತ್ತಾರೆ. ಎಷ್ಟೋ ಸಲ ಕ್ರಷರ್ ಕೂಡ ಅವರದ್ದೇ. ಮಧ್ಯದ ವ್ಯಾಪಾರಿ ಅಲ್ಲಿ ಲೆಕ್ಕಕ್ಕೇ ಇಲ್ಲ. ಒಂದು ಭಾರಿ ಸೇತುವೆಗೆ ಹೋಗುವ ಹಣವೇ ಐನೂರು ಸಣ್ಣ ಕೆಲಸಗಳಿಗೆ ಹೋದರೆ, ಅಂದರೆ ಮೋರಿ, ಚರಂಡಿ, ಶಾಲಾ ಕೊಠಡಿ, ನೀರಿನ ಟ್ಯಾಂಕ್, ಆಗ ಅದನ್ನು ಹಿಡಿಯುವವರು ಸಣ್ಣ ಗುತ್ತಿಗೆದಾರರು. ಅವರು ಮಾಲು ಕೊಳ್ಳುವುದು ನಿಮ್ಮಂಥವರ ಹತ್ತಿರ. ಆದ್ದರಿಂದ ಘೋಷಣೆಯಲ್ಲಿ ದೊಡ್ಡ ಕಾಮಗಾರಿಗಳ ಹೆಸರೇ ತುಂಬಿದ್ದರೆ ಹಿಗ್ಗಬೇಡಿ. ಸಣ್ಣ ಕೆಲಸದ ಪಟ್ಟಿ ಉದ್ದ ಇದ್ದರೆ ಕಿವಿ ನೆಟ್ಟಗೆ ಮಾಡಿ.

ದೊಡ್ಡ ಕಾಮಗಾರಿಯ ಬಿಸಿ ನಿಮಗೆ ಪಕ್ಕದಿಂದ ತಟ್ಟುವುದೂ ಉಂಟು. ಕಾರ್ಖಾನೆಯ ಮಾಲು ಅತ್ತ ಹೋದರೆ ನಿಮಗೆ ಸಿಗುವ ಪಾಲು ಕಮ್ಮಿಯಾಗುತ್ತದೆ, ದರ ಏರುತ್ತದೆ. ನಿಮ್ಮ ಹಳೆಯ ಗಿರಾಕಿ, ಅದೇ ಮನೆ ಕಟ್ಟಿಸುವವರು, ದರ ನೋಡಿ ಇನ್ನೊಂದು ವರ್ಷ ತಡೆಯೋಣ ಅನ್ನುತ್ತಾರೆ. ಮೇಸ್ತ್ರಿ, ಗಾರೆಯವರು, ಕಂಬಿ ಬಗ್ಗಿಸುವ ಬಾರ್ ಬೆಂಡರ್‌ಗಳು ಜಾಸ್ತಿ ಕೂಲಿ ಸಿಗುವ ಕಡೆ ಹೋಗುತ್ತಾರೆ. ಸರ್ಕಾರ ಖರ್ಚು ಹೆಚ್ಚಿಸಿದ ವರ್ಷವೇ ನಿಮ್ಮ ಅಂಗಡಿಯಲ್ಲಿ ವ್ಯಾಪಾರ ಇಳಿಯಿತು ಅಂದರೆ ಅದು ವಿಚಿತ್ರವಲ್ಲ.

ಹಾಗಾದರೆ ಸರ್ಕಾರದ ಖರ್ಚು ಕೆಟ್ಟದ್ದಾ? ಖಂಡಿತ ಅಲ್ಲ. ಖಾಸಗಿ ಕಟ್ಟಡ ಕೆಲಸ ನಿಂತುಹೋದಾಗ ಸಾಮಗ್ರಿ ವ್ಯಾಪಾರವನ್ನು ಉಸಿರಾಡಿಸುವುದೇ ಅದು. ಕಾರ್ಖಾನೆ ಅರ್ಧ ಖಾಲಿ ಓಡುತ್ತಿರುವಾಗ ಸರ್ಕಾರಿ ಕೆಲಸ ಬಂದರೆ ಹೆಚ್ಚು ಟನ್ ಮಾಲು ಹೋಗುತ್ತದೆ. ಕಾರ್ಖಾನೆ ಮೊದಲೇ ತುಂಬಿ ಓಡುತ್ತಿರುವಾಗ ಬಂದರೆ ದರ ಏರಿಕೆಯಾಗುತ್ತದೆ. ಆದರೆ ಈ ಆಸರೆಗೂ ಒಂದು ಮಿತಿ ಇದೆ. ಸ್ಪೇನ್ 2007ರಲ್ಲಿ ಸುಮಾರು 5.6 ಕೋಟಿ ಟನ್ ಸಿಮೆಂಟ್ ಬಳಸುತ್ತಿತ್ತು. ಮನೆ ವ್ಯಾಪಾರ ಕುಸಿಯಿತು. 2010ರಿಂದ ಸಾಲದ ಒತ್ತಡಕ್ಕೆ ಸರ್ಕಾರವೂ ಕಾಮಗಾರಿಗಳನ್ನು ಕತ್ತರಿಸಿತು. 2013ರ ಹೊತ್ತಿಗೆ ಬಳಕೆ 1.1 ಕೋಟಿ ಟನ್ನಿನ ಆಸುಪಾಸಿಗೆ ಬಂದಿತ್ತು. ಐದರಲ್ಲಿ ನಾಲ್ಕು ಪಾಲು ಮಾಯ. ಎರಡೂ ಕಾಲು ಒಟ್ಟಿಗೆ ಮುರಿದ ಹಾಗೆ.

ಸರ್ಕಾರವನ್ನೇ ನಂಬಿ ಕಾರ್ಖಾನೆ ಬೆಳೆಸಿದವರ ಕಥೆ ಚೀನಾದ್ದು. 2008ರ ನವೆಂಬರ್‌ನಲ್ಲಿ ಅಲ್ಲಿ 4 ಲಕ್ಷ ಕೋಟಿ ಯುವಾನ್ ಯೋಜನೆ ಪ್ರಕಟವಾಯಿತು. ರಸ್ತೆ, ರೈಲು, ಮನೆ ಎಲ್ಲ ಒಟ್ಟಿಗೆ ಎದ್ದವು. ಸಿಮೆಂಟ್ ಮತ್ತು ಉಕ್ಕಿನ ಕಾರ್ಖಾನೆಗಳು ಸಾಲ ಮಾಡಿ ದೊಡ್ಡದಾದವು. 2014ರಲ್ಲಿ ಸಿಮೆಂಟ್ ಉತ್ಪಾದನೆ ಸುಮಾರು 248 ಕೋಟಿ ಟನ್ ಮುಟ್ಟಿತು. 2024ಕ್ಕೆ ಅದು 182 ಕೋಟಿ ಟನ್ನಿನ ಸುತ್ತ ಇಳಿದಿತ್ತು. ಆ ವ್ಯತ್ಯಾಸದಷ್ಟು ಸಿಮೆಂಟ್ ಸುಡುವ ಗೂಡುಗಳು ಈಗ ಏನು ಮಾಡಬೇಕು? ಜಪಾನಿನಲ್ಲೂ ಅಷ್ಟೇ. 1990ರ ಆಸುಪಾಸಿನಲ್ಲಿ 8.6 ಕೋಟಿ ಟನ್ ಇದ್ದ ಸಿಮೆಂಟ್ ಬೇಡಿಕೆ 2010ಕ್ಕೆ ಅರ್ಧಕ್ಕಿಂತ ಕೆಳಗೆ ಬಂತು. ಮಧ್ಯೆ, 1990ರ ದಶಕದಲ್ಲಿ, ಸರ್ಕಾರ ಮತ್ತೆ ಮತ್ತೆ ಕಾಮಗಾರಿಗೆ ಹಣ ಸುರಿದಿತ್ತು. ಅದು ಇಳಿತವನ್ನು ಮುಂದೂಡಿತು, ತಪ್ಪಿಸಲಿಲ್ಲ. ಒಂದು ರಸ್ತೆಯನ್ನು ಒಂದೇ ಸಲ ಕಟ್ಟುವುದು, ಅಲ್ವಾ?

ರಾಜಕೀಯದ ಅಪಾಯವನ್ನೂ ಮರೆಯಬೇಡಿ. ಬ್ರಿಟನ್ನಿನ ಎಚ್ಎಸ್2 ಅತಿವೇಗದ ರೈಲಿನ ಉತ್ತರದ ಭಾಗವನ್ನು 2023ರ ಅಕ್ಟೋಬರ್ 4ರಂದು ಪ್ರಧಾನಿ ಒಂದು ಭಾಷಣದಲ್ಲಿ ರದ್ದು ಮಾಡಿದರು. ವರ್ಷಗಟ್ಟಲೆ ತಯಾರಿ ಮಾಡಿಕೊಂಡಿದ್ದವರ ಲೆಕ್ಕವೆಲ್ಲ ತಲೆಕೆಳಗಾಯಿತು.

ಈಗ ದುಡ್ಡಿನ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಸರ್ಕಾರ ದುಡ್ಡು ಕೊಡುವುದು ಮುಖ್ಯ ಗುತ್ತಿಗೆದಾರರಿಗೆ. ಅವರು ಉಪಗುತ್ತಿಗೆದಾರರಿಗೆ, ಅವರು ನಿಮಗೆ. ಮಾಲು ಕೊಡುವುದರಲ್ಲಿ ನೀವು ಮೊದಲು, ದುಡ್ಡು ಪಡೆಯುವುದರಲ್ಲಿ ಕೊನೆ. ಮಧ್ಯೆ ಅಳತೆ ಆಗಬೇಕು, ಎಂಜಿನಿಯರ್ ಸಹಿ ಆಗಬೇಕು, ಬಿಲ್ ಪಾಸಾಗಬೇಕು, ಅನುದಾನ ಬಿಡುಗಡೆಯಾಗಬೇಕು. ಒಂದಷ್ಟು ಪಾಲು ಕೆಲಸದ ಗುಣಮಟ್ಟದ ಭದ್ರತೆಗೆ ಅಂತ ವರ್ಷಗಟ್ಟಲೆ ಹಿಡಿದಿಡುತ್ತಾರೆ.

ನನ್ನ ಕಥೆ ಇದೇ. ಕಂಬಿ ವ್ಯಾಪಾರ ಮಾಡುತ್ತಿದ್ದ ದಿನಗಳಲ್ಲಿ ಒಂದು ಸರ್ಕಾರಿ ಕಟ್ಟಡದ ಉಪಗುತ್ತಿಗೆದಾರರಿಗೆ ಉದ್ದರಿ ಮಾಲು ಕೊಟ್ಟೆ. ಸರ್ಕಾರದ ಕೆಲಸ, ದುಡ್ಡು ಎಲ್ಲಿ ಹೋಗುತ್ತೆ ಅಂತ ಧೈರ್ಯ. ಬಿಲ್ ನಿಂತುಹೋಯಿತು. ಯಾಕೆ ಗೊತ್ತಾ? ಗಾರೆ ಕೆಲಸದ ಅಳತೆಯಲ್ಲಿ ವ್ಯತ್ಯಾಸ ಬಂದಿತ್ತಂತೆ. ನನ್ನ ಕಂಬಿಗೂ ಗಾರೆಗೂ ಏನು ಸಂಬಂಧ? ಆದರೆ ಒಂದು ಐಟಂ ನಿಂತರೆ ಇಡೀ ಬಿಲ್ ನಿಲ್ಲುತ್ತದೆ. ಮಾಲು ವಾಪಸ್ ಕೊಡಿ ಅನ್ನುವ ಹಾಗೂ ಇಲ್ಲ. ನನ್ನ ಕಂಬಿ ಆಗಲೇ ಕಾಂಕ್ರೀಟ್ ಒಳಗೆ ಸೇರಿ ಮೂರನೇ ಮಹಡಿಯನ್ನು ಹೊತ್ತುಕೊಂಡಿತ್ತು. ಹನ್ನೊಂದು ತಿಂಗಳ ಮೇಲೆ ದುಡ್ಡು ಬಂತು, ಅಸಲು ಮಾತ್ರ.

ಒಂದು ಲೆಕ್ಕ ಹಾಕಿ. 100ಕ್ಕೆ ಮಾಲು ಕೊಂಡು 104ಕ್ಕೆ ಮಾರಿದಿರಿ ಅನ್ನಿ. ಬ್ಯಾಂಕಿನ ಬಡ್ಡಿ ವರ್ಷಕ್ಕೆ ಶೇ. 12 ಇದ್ದರೆ ತಿಂಗಳಿಗೆ 1. ನಾಲ್ಕನೇ ತಿಂಗಳ ಕೊನೆಗೆ ನಿಮ್ಮ ಲಾಭ ಸೊನ್ನೆ. ಐದನೇ ತಿಂಗಳಿಂದ ಆ ಕಟ್ಟಡವನ್ನು ನೀವೇ ಕೈಯಿಂದ ಹಾಕಿ ಕಟ್ಟಿಸುತ್ತಿದ್ದೀರಿ.

ಗುತ್ತಿಗೆದಾರರು ದೊಡ್ಡವರಾದರೆ ಭಯವಿಲ್ಲ ಅನ್ನುವವರಿಗೆ ಕ್ಯಾರಿಲಿಯನ್ ನೆನಪಿಸುತ್ತೇನೆ. ಬ್ರಿಟನ್ನಿನ ಈ ಕಂಪನಿ ಆಸ್ಪತ್ರೆ, ಶಾಲೆ, ರೈಲು ಅಂತ ಸುಮಾರು 450 ಸರ್ಕಾರಿ ಗುತ್ತಿಗೆ ಹಿಡಿದಿತ್ತು. ಸರಬರಾಜುದಾರರಿಗೆ 120 ದಿನದ ಗಡುವು ಹೇಳುತ್ತಿತ್ತು. 2018ರ ಜನವರಿ 15ರಂದು ಮುಳುಗಿತು. ಸುಮಾರು 30,000 ಸರಬರಾಜುದಾರರು, ಉಪಗುತ್ತಿಗೆದಾರರು ಬಾಕಿಗಾಗಿ ಬಾಯಿ ಬಿಟ್ಟುಕೊಂಡು ನಿಂತರು. ಕೆಲಸ ಸರ್ಕಾರದ್ದು ನಿಜ, ನಿಮ್ಮ ಸಾಲಗಾರ ಮಾತ್ರ ಸರ್ಕಾರ ಅಲ್ಲ. ಈ ವ್ಯತ್ಯಾಸ ತಿಳಿದುಕೊಳ್ಳಲು ನನಗೆ ಹನ್ನೊಂದು ತಿಂಗಳು ಹಿಡಿಯಿತು, ನಿಮಗೆ ಸುಮ್ನೆ ಹೇಳುತ್ತಿದ್ದೇನೆ.

ಕಾನೂನಿನ ಆಸರೆ ಅಲ್ಲಲ್ಲಿ ಇದೆ. ಕೆಲವು ದೇಶಗಳಲ್ಲಿ ಖಾಸಗಿ ಕಟ್ಟಡವಾದರೆ ಬಾಕಿಗಾಗಿ ಕಟ್ಟಡದ ಮೇಲೇ ಹಕ್ಕು ಹೂಡಬಹುದು. ಸರ್ಕಾರಿ ಆಸ್ತಿಯ ಮೇಲೆ ಹಾಗೆ ಮಾಡಲಾಗದು. ಅದಕ್ಕೇ ಅಮೆರಿಕದಲ್ಲಿ 1935ರ ಮಿಲ್ಲರ್ ಕಾಯ್ದೆ ದೊಡ್ಡ ಕೇಂದ್ರ ಕಾಮಗಾರಿಗಳ ಮುಖ್ಯ ಗುತ್ತಿಗೆದಾರರು ಪಾವತಿ ಬಾಂಡ್, ಅಂದರೆ ಬಾಕಿ ಉಳಿದರೆ ಅದರಿಂದ ವಸೂಲಿ ಮಾಡಬಹುದಾದ ಖಾತರಿ ಪತ್ರ, ಕೊಡಲೇಬೇಕು ಅನ್ನುತ್ತದೆ. ಉಪಗುತ್ತಿಗೆದಾರರಿಗೆ ಮಾಲು ಕೊಟ್ಟವರು ಕೊನೆಯ ಲೋಡ್ ಆದ 90 ದಿನದೊಳಗೆ ಮುಖ್ಯ ಗುತ್ತಿಗೆದಾರರಿಗೆ ನೋಟಿಸ್ ಕೊಟ್ಟರೆ ಆ ಬಾಂಡ್ ಮೇಲೆ ಹಕ್ಕು ಉಳಿಯುತ್ತದೆ. ಬ್ರಿಟನ್ 1996ರ ಕಾಯ್ದೆಯಲ್ಲಿ 'ನನಗೆ ಬಂದಾಗ ನಿನಗೆ ಕೊಡುತ್ತೇನೆ' ಅನ್ನುವ ಷರತ್ತನ್ನು ಬಹುಮಟ್ಟಿಗೆ ತೆಗೆದುಹಾಕಿತು. ಯುರೋಪಿಯನ್ ಒಕ್ಕೂಟದ 2011ರ ನಿಯಮದಂತೆ ಸರ್ಕಾರಿ ಸಂಸ್ಥೆಗಳು ಸಾಮಾನ್ಯವಾಗಿ 30 ದಿನದಲ್ಲಿ ಪಾವತಿಸಬೇಕು. ಭಾರತದ 2006ರ ಎಂಎಸ್ಎಂಇಡಿ ಕಾಯ್ದೆಯಲ್ಲಿ (ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ) ಸಣ್ಣ ಉದ್ಯಮಗಳಿಗೆ ಹಣ ಪಾವತಿಸಲು ಗರಿಷ್ಠ 45 ದಿನದ ಗಡುವಿದೆ. ಆದರೆ ಬರೀ ಕೊಂಡು ಮಾರುವ ವ್ಯಾಪಾರಿಗೆ ತಡ ಪಾವತಿಯ ಆ ರಕ್ಷಣೆ ಇಲ್ಲ ಅನ್ನುವುದು ಬಹಳ ಜನರಿಗೆ ಕೋರ್ಟಿನಲ್ಲೇ ಗೊತ್ತಾಗುವುದು. ನಿಮ್ಮಲ್ಲಿ ಯಾವ ನಿಯಮ ಇದೆಯೋ ಅದನ್ನು ಮಾಲು ಕಳಿಸುವ ಮುಂಚೆ ಓದಿಸಿಕೊಳ್ಳಿ.

ಇನ್ನು ನೀವೇನು ಮಾಡಬೇಕು. ಬಜೆಟ್ ಭಾಷಣ ಬಿಡಿ, ಕಾರ್ಯಾದೇಶಗಳನ್ನು ನೋಡಿ. ಯಾವ ಟೆಂಡರ್ ಯಾರಿಗೆ ಆಯಿತು, ಎಲ್ಲಿ, ಎಷ್ಟು ತಿಂಗಳ ಕೆಲಸ ಅನ್ನುವುದು ಬಹುತೇಕ ಕಡೆ ಸಾರ್ವಜನಿಕ ಮಾಹಿತಿ. ಅಮೆರಿಕದ ಜನಗಣತಿ ಇಲಾಖೆಯಂತೂ ಸರ್ಕಾರಿ, ಖಾಸಗಿ ಎಂದು ಬೇರೆ ಮಾಡಿ ನಿಜವಾಗಿ ನಡೆದ ಕೆಲಸದ ಮೌಲ್ಯವನ್ನು ಪ್ರತಿ ತಿಂಗಳೂ ಪ್ರಕಟಿಸುತ್ತದೆ. ಅಂಥ ಅಂಕಿ ಎಲ್ಲಿದ್ದರೂ ಅದು ಘೋಷಣೆಗಿಂತ ನೂರು ಪಾಲು ಮೇಲು. ಆರ್ಥಿಕ ವರ್ಷದ ಕೊನೆಯನ್ನೂ ಗಮನದಲ್ಲಿಡಿ. ಉಳಿದ ಅನುದಾನ ವಾಪಸ್ ಹೋಗುತ್ತದೆ ಅಂತ ಇಲಾಖೆಗಳು ಕೊನೆಗೆ ಗಡಿಬಿಡಿ ಮಾಡುತ್ತವೆ. ಲೀಬ್‌ಮನ್ ಮತ್ತು ಮಹೋನಿ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಕೇಂದ್ರ ಸರ್ಕಾರದ ಖರೀದಿಯನ್ನು ನೋಡಿದಾಗ ವರ್ಷದ ಕೊನೆಯ ವಾರದ ಖರ್ಚು ಉಳಿದ ವಾರಗಳ ಸರಾಸರಿಯ 4.9 ಪಟ್ಟು ಇತ್ತು. ಹಳೆಯ ಬಾಕಿ ಕೇಳಲು ಒಳ್ಳೆಯ ಹೊತ್ತೂ ಅದೇ.

ಗುತ್ತಿಗೆದಾರರು ಮಾಲು ಕೇಳಿ ಬಂದರೆ ಕಾರ್ಯಾದೇಶದ ಪ್ರತಿ ಕೇಳಿ. ಒಪ್ಪಂದದಲ್ಲಿ ದರ ಏರಿಕೆಗೆ ಹೊಂದಾಣಿಕೆ ಇದೆಯಾ ಅಂತ ಕೇಳಿ. ಇಲ್ಲದಿದ್ದರೆ ಕಂಬಿ ದರ ಏರಿದ ದಿನ ಅವರು ಕೆಲಸ ನಿಲ್ಲಿಸುತ್ತಾರೆ, ನಿಮ್ಮ ಬಾಕಿಯೂ ಅಲ್ಲೇ ನಿಲ್ಲುತ್ತದೆ. ಮುಖ್ಯ ಗುತ್ತಿಗೆದಾರರಿಂದ ನೇರ ಪಾವತಿಯ ಪತ್ರ ಸಿಕ್ಕರೆ ಬಿಡಬೇಡಿ. ಪರೀಕ್ಷಾ ಪ್ರಮಾಣಪತ್ರ, ತೂಕದ ಚೀಟಿ, ಸೈಟಿನಲ್ಲಿ ಮಾಲು ಇಳಿಸಿಕೊಂಡವರ ಸಹಿ, ಇವು ಒಂದೂ ತಪ್ಪದಿರಲಿ. ಸರ್ಕಾರಿ ಕೆಲಸದಲ್ಲಿ ಕಾಗದ ಇಲ್ಲದ ಮಾಲು ಮಾಲೇ ಅಲ್ಲ. ಒಟ್ಟು ವ್ಯಾಪಾರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಸರ್ಕಾರಿ ಕೆಲಸದ ಉದ್ದರಿಯಲ್ಲಿ ಸಿಕ್ಕಿಕೊಳ್ಳಬಾರದು ಅನ್ನುವುದು ನನ್ನ ಲೆಕ್ಕ. ಇದು ಯಾವ ಪುಸ್ತಕದ ನಿಯಮವೂ ಅಲ್ಲ, ಪೆಟ್ಟು ತಿಂದು ಕಲಿತದ್ದು.

ಲಾರಿ ಸದ್ಯಕ್ಕೆ ಕೊಳ್ಳಬೇಡಿ. ಕೆಲಸ ಶುರುವಾದ ಮೇಲೆ ಮೊದಲ ಆರು ತಿಂಗಳು ಬಾಡಿಗೆ ಲಾರಿಯಲ್ಲಿ ಓಡಿಸಿ. ಎಷ್ಟು ಟ್ರಿಪ್ ಬೀಳುತ್ತದೆ ನೋಡಿ ಆಮೇಲೆ ಒಂದು ತಗೊಳ್ಳಿ, ಎರಡಲ್ಲ. ಜಲ್ಲಿಗೆ ಸಾಲ ಮಾಡಿ ದಾಸ್ತಾನು ಬೇಕಿಲ್ಲ. ಅದು ಕ್ವಾರಿಯಿಂದ ನೇರ ಹೋಗುವ ಮಾಲು. ಸಿಮೆಂಟ್ ಮೂಟೆ ಈಗಲೇ ತುಂಬಿಸಿಡುವ ಯೋಚನೆಯನ್ನಂತೂ ಬಿಟ್ಟುಬಿಡಿ. ಮೂರು ತಿಂಗಳು ದಾಟಿದ ಸಿಮೆಂಟನ್ನು ಸರ್ಕಾರಿ ಸೈಟಿನಲ್ಲಿ ಮತ್ತೆ ಪರೀಕ್ಷೆ ಮಾಡಿಸದೆ ಇಳಿಸಿಕೊಳ್ಳುವುದಿಲ್ಲ. ನಿಮ್ಮ ಸೇತುವೆಯ ಟೆಂಡರ್ ಆ ಹೊತ್ತಿಗೆ ಇನ್ನೂ ಕರೆದೇ ಇರಲಿಕ್ಕಿಲ್ಲ.